ಏಳನೆಯ ಉತ್ತರ

ಜನವರಿ 8

ಅಕ್ಕಾ,

ಈ ಪತ್ರದ ಹಿಂದೆಯೇ ಒಂದು ಪೆಟ್ಟಿಗೆ ಬರುತ್ತದೆ. ಭಾವ ಲಾರಿ ತೆಗೆದುಕೊಂಡು ಹೋಗಿದ್ದರೆ ಪಾರ್ಸೆಲ್ ಆಫೀಸಿಗೆ ನೀನೊಬ್ಬಳೇ ಹೋಗಬೇಡ, ಭಾರವಿದೆ, ಕೆಲಸದ ಕಡೆಯಿಂದ ಯಾರನ್ನಾದರೂ ಕರೆದುಕೊಂಡು ಹೋಗು. ಒಳಗಿರುವುದು ವಿಡಿಯೊ ಪ್ಲೇಯರ್. ನಮ್ಮ ಕಂಪನಿಯದೇ.

ನಮ್ಮ ಪುಟ್ಟ ಜೀರುಂಡೆಗೆ ಮಾತು ಕಲಿಸುವ ಟೀಚರ್ ಕ್ಯಾಸೆಟ್ ಕಳಿಸಲು ಒಪ್ಪಿದ್ದಾರೆ, ಆದರೆ ಹಾಕಿ ನೋಡಲು ಮನೆಯಲ್ಲಿ ಯಂತ್ರವಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮಾವನಾದವನು ವಿಡಿಯೊ ಪ್ಲೇಯರ್ ಮಾಡುವ ಕಂಪನಿಯಲ್ಲಿದ್ದಾನೆ, ಕಿವಿ ಕೇಳದ ಸೊಸೆ ಕ್ಯಾಸೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದಾಳೆ! ಕೇಳಿದವರು ನಗುವುದಿಲ್ಲವೇ? ನೀನಂತೂ ಬಾಯಿಬಿಟ್ಟು ಕೇಳುವವಳಲ್ಲ, ಅದು ನಿನ್ನ ಹುಟ್ಟುಗುಣ. ಕೇಳದಿದ್ದರೂ ತಿಳಿದುಕೊಳ್ಳುವುದು ನನ್ನ ಹುಟ್ಟುಗುಣ ಎಂದುಕೋ.

ಹೊಸ ಸರಕು. ಪೆಟ್ಟಿಗೆಯ ಅಂಟುಪಟ್ಟಿ ಎರಡು ಸಲ ಅಂಟಿಸಿದಂತೆ ಕಂಡರೆ ಗಾಬರಿಯಾಗಬೇಡ, ಎಲ್ಲ ಸರಿಯಿದೆಯೇ ಎಂದು ನಾನೇ ಒಮ್ಮೆ ತೆರೆದು ನೋಡಿದೆ. ನೀರು ತಾಗಿಸಬೇಡ. ಮೇಲೆ ಬಟ್ಟೆ ಹೊದಿಸಬೇಡ. ನಿನಗೆ ಹೊದಿಸುವ ಚಟ, ರೇಡಿಯೊಗೂ ಅಂಗಿ ಹೊಲಿದವಳು ನೀನು.

ನನಗೆ ವಿಭಾಗ ಬದಲಾಗಿದೆ. ಈಗ ಗ್ರಾಹಕ ಸೇವೆ, ಕಿಟಕಿ ಪಕ್ಕದ ಮೇಜು. ಏನು ಕೆಲಸ ಎಂದು ಭಾವ ಕೇಳಿದರೆ, ದೂರು ಕೊಟ್ಟವರ ಕಷ್ಟ ಪರಿಹರಿಸುವ ಕೆಲಸ ಎಂದು ಹೇಳು.

ನಿನ್ನ ತಮ್ಮ


ಜನವರಿ 27

ತಮ್ಮಾ,

ಪೆಟ್ಟಿಗೆ ಬಂತು. ಕೆಲಸದ ಕಡೆಯ ಇಸ್ತ್ರಿಯವನು ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ತಂದುಕೊಟ್ಟು, "ಏನಕ್ಕ, ಒಳಗೆ ಕಲ್ಲು ತುಂಬಿ ಕಳ್ಸಿದಾರಾ?" ಅಂದ. ಕಲ್ಲಲ್ಲ ಕಣೋ, ನನ್ನ ತಮ್ಮನ ಪ್ರೀತಿ ಅಂದೆ. ಅವನಿಗೆ ಅರ್ಥವಾಗಲಿಲ್ಲ, ಬಿಡು.

ಕ್ಯಾಸೆಟ್ಟಿನಲ್ಲಿ ಇರುವುದು ಒಬ್ಬ ಹೆಂಗಸಿನ ಬಾಯಿ ಮಾತ್ರ. ಪರದೆಯ ತುಂಬ ಬಾಯಿ. ನಿಧಾನವಾಗಿ ಒಂದೊಂದೇ ಮಾತು ಹೇಳುತ್ತದೆ. ಮೊದಲ ದಿನ ಜೀರುಂಡೆ ಟೀವಿಯ ಹಿಂದೆ ಹೋಗಿ, ಆ ಹೆಂಗಸಿನ ಉಳಿದ ಭಾಗ ಎಲ್ಲಿದೆ ಎಂದು ಹುಡುಕಿದಳು. ನಾನು ನಕ್ಕಿದ್ದಕ್ಕೆ ಕೋಪ ಬೇರೆ. ನಾಲ್ಕನೆಯ ದಿನ ನನ್ನ ಬಾಯಿ ನೋಡುತ್ತ "ಬಾ" ಅಂದಳು. ಹೌದು, ಅಂದಳು! ನಾನು ಹತ್ತಿರ ಹೋದೆ. ಮತ್ತೆ "ಬಾ" ಅಂದಳು. ಎದುರಿಗೇ ಇದ್ದೆ, ಇನ್ನೆಲ್ಲಿಗೆ ಬರಲಿ? ಆದರೂ ಬಾಗಿಲ ತನಕ ಹೋಗಿ ಮತ್ತೆ ಬಂದೆ. ಹೀಗೆ ಹನ್ನೊಂದು ಸಲ ಬರಿಸಿದಳು. ಅವತ್ತು ಮನೆಗೆ ತಂದ ಅಂಗಿಗಳಿಗೆ ಒಂದು ಕಾಜಾ ಹೊಲಿಯಲಾಗಲಿಲ್ಲ, ಒಂದು ಗುಂಡಿ ಹಚ್ಚಲಾಗಲಿಲ್ಲ.

ಗುಂಡಿ ಅಂದಾಗ ನೆನಪಾಯಿತು, ಈಗ ಗುಂಡಿಗಳನ್ನು ಅಳತೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವವಳು ಅವಳೇ. ತಾನು ಗುಂಯ್‌ಗುಟ್ಟುವುದು ತನಗೇ ಕೇಳದು, ಗುಂಯ್‌ಗುಟ್ಟುತ್ತಲೇ ಕೆಲಸ ಮಾಡುತ್ತಾಳೆ. ನೀನು ಜೀರುಂಡೆ ಎಂದು ಹೆಸರಿಟ್ಟಿದ್ದು ಸುಮ್ಮನಲ್ಲ. ಒಂದು ಗುಂಡಿ ತಪ್ಪಿದರೆ ನನಗೆ ಕಣ್ಣು ಬಿಡುತ್ತಾಳೆ, ಮೇಸ್ತ್ರಿಗಿಂತ ಜೋರು.

ಮೇ ಹದಿನೆಂಟಕ್ಕೆ ಶಾಲೆಯವರು ಕರೆದಿದ್ದಾರೆ. ಎಲ್ಲ ಮಕ್ಕಳೂ ಹೋಗುವ ಶಾಲೆ. ದೊಡ್ಡ ಮೇಡಂ ಐದು ಪ್ರಶ್ನೆ ಕೇಳುತ್ತಾರಂತೆ. ಅವರ ಬಾಯಿ ನೋಡಿ ಉತ್ತರ ಹೇಳಿದರೆ ಸೀಟು. ಇಲ್ಲದಿದ್ದರೆ ಇನ್ನೊಂದು ವರ್ಷ ಮನೆ. ಅಲ್ಲಿಯ ತನಕ ಹದಿನೈದು ದಿನಕ್ಕೊಂದು ಕ್ಯಾಸೆಟ್. ಟೀಚರ ಹತ್ತಿರ ಇರುವುದು ಒಂದೇ ಕಟ್ಟು, ನೋಡಿ ಮುಗಿಸಿ ಅಂಚೆಯಲ್ಲಿ ವಾಪಸು ಕಳಿಸಿದರೆ ಅದೇ ಇನ್ನೊಂದು ಮನೆಗೆ ಹೋಗುತ್ತದೆ.

ಯಂತ್ರ ಒಮ್ಮೊಮ್ಮೆ ಕೆಮ್ಮುತ್ತದೆ. ಹೊಸ ಜಾಗ, ಅದಕ್ಕೂ ಹೊಂದಿಕೊಳ್ಳಬೇಕಲ್ಲ. ನೀನು ನೂರು ವರ್ಷ ಬಾಳು.

ಅಕ್ಕ


ಫೆಬ್ರವರಿ 16

ಅಕ್ಕಾ,

"ಬಾ" ಅಂದಳೇ! ನಿನ್ನ ಪತ್ರವನ್ನು ಚೀಟಿಯಮ್ಮನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಚೀಟಿಯಮ್ಮ ಎಂದರೆ ನಮ್ಮ ವಿಭಾಗದ ಹಿರಿಯ ಹೆಂಗಸು. ಬಂದ ದೂರುಗಳನ್ನೆಲ್ಲ ಓದುವವರು ಅವರೊಬ್ಬರೇ. ಓದಿ, ಒಂದೊಂದು ಪತ್ರಕ್ಕೂ ಬೆರಳಗಲದ ಒಂದು ಚೀಟಿ ಬರೆಯುತ್ತಾರೆ. ನನ್ನ ಮೇಜಿಗೆ ಬರುವುದು ಚೀಟಿ ಮಾತ್ರ. ನಾನು ಅದರ ಮೇಲೆ ಒಂದು ನಂಬರ್ ಹಾಕುತ್ತೇನೆ, ಟೈಪಿಸ್ಟ್ ಆ ನಂಬರಿನ ಉತ್ತರ ಹೊಡೆದು ಕಳಿಸುತ್ತಾಳೆ. ದಿನಕ್ಕೆ ನೂರಿಪ್ಪತ್ತು ಚೀಟಿ. ಮೊದಲಿಗೆ ಉತ್ತರಗಳು ಆರೇ ಇದ್ದವು, ಎಲ್ಲ ಒಣಒಣ. ಅವನ್ನು ಓದಿದ ಜನ ಇನ್ನಷ್ಟು ಕೆರಳಿ ಮತ್ತೆ ಬರೆಯುತ್ತಿದ್ದರು. ನಾನು ಹೊಸದೊಂದು ಬರೆದುಕೊಟ್ಟೆ. ಏಳನೆಯದು. ಅಕ್ಕಾ, ನನ್ನ ಬಾಯಿಂದಲೇ ಹೇಳಬಾರದು, ಆದರೆ ಏಳು ಹೋದ ಮನೆಯಿಂದ ಎರಡನೆಯ ಪತ್ರ ಬರುವುದೇ ಇಲ್ಲ! ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ ಓದಿಸಿದರು. "ಇದನ್ನ ಬರೆದೋನಿಗೆ ಮನುಷ್ಯರ ಮನಸ್ಸು ಗೊತ್ತು" ಅಂದರು. ಶಾಲೆಯಲ್ಲಿ ನನ್ನ ಪ್ರಬಂಧಗಳಿಗೆ ನೀನೊಬ್ಬಳೇ ಚಪ್ಪಾಳೆ ತಟ್ಟುತ್ತಿದ್ದೆ. ಈಗ ನೋಡು, ನನ್ನ ಬರಹ ಸಾವಿರಾರು ಮನೆಗೆ ಹೋಗುತ್ತಿದೆ.

ಯಂತ್ರ ಹೇಗಿದೆ ಎಂದು ನಾನು ಕೇಳುವುದಿಲ್ಲ. ನಮ್ಮ ಯಂತ್ರವಲ್ಲವೇ.

ತಮ್ಮ


ಮಾರ್ಚ್ 4

ತಮ್ಮಾ,

ನಿನ್ನ ಏಳನೆಯ ಉತ್ತರದ ಸುದ್ದಿ ಕೇಳಿ ಖುಷಿಯಾಯಿತು. ಭಾವನಿಗೂ ಹೇಳಿದೆ. "ನಿನ್ನ ತಮ್ಮ ಮಾತಲ್ಲೇ ಮನೆ ಕಟ್ತಾನೆ" ಅಂದರು. ಒಳ್ಳೆಯ ಅರ್ಥದಲ್ಲೇ ಹೇಳಿದ್ದು.

ಇಲ್ಲಿ ಎಲ್ಲ ಸರಿಯಿದೆ. ಯಂತ್ರವೂ ಸರಿಯಿದೆ.

ಒಂದು ಮಾತು ಕೇಳಬೇಕಿತ್ತು. ನಮಗಲ್ಲ, ಪಕ್ಕದ ಮನೆಯವಳಿಗೆ. ಅವಳ ಹತ್ತಿರವೂ ನಿಮ್ಮ ಕಂಪನಿಯದೇ ಯಂತ್ರವಿದೆ. ಅದು ಕ್ಯಾಸೆಟ್ಟಿನ ರೀಲನ್ನು ಎಳೆದು ಒಳಗೇ ಸುತ್ತಿಕೊಂಡುಬಿಡುತ್ತದಂತೆ. ಹೊರಗೆ ತೆಗೆದರೆ ರೀಲು ಸುಕ್ಕುಸುಕ್ಕು. ಅಂಥದ್ದನ್ನು ಪೆನ್ಸಿಲ್ ಹಾಕಿ ತಿರುಗಿಸಿ ಒಳಗೆ ಸೇರಿಸಬಹುದೇ, ಹಗುರವಾಗಿ ಇಸ್ತ್ರಿ ಮಾಡಿದರೆ ಸುಕ್ಕು ಹೋಗುತ್ತದೆಯೇ ಎಂದು ಕೇಳುತ್ತಿದ್ದಾಳೆ. ಕ್ಯಾಸೆಟ್ ಬೇರೆಯವರದಂತೆ, ಪಾಪ, ತುಂಬ ಹೆದರಿದ್ದಾಳೆ. ಬೇಗ ಬರೆ.

ಅಕ್ಕ


ಮಾರ್ಚ್ 13

ಅಕ್ಕಾ,

ಇಸ್ತ್ರಿ! ನಿನ್ನ ಪತ್ರ ಓದಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ದಯವಿಟ್ಟು ಅವಳ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತುಕೋ, ಮನೆಯೇ ಸುಟ್ಟೀತು.

ಇಂಥವರನ್ನು ನಾನು ದಿನವೂ ಚೀಟಿಯಲ್ಲಿ ನೋಡುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕ್ಯಾಸೆಟ್ಟನ್ನು ತಿರುಗುಮುರುಗು ತುರುಕುತ್ತಾರೆ, ಧೂಳು ಹೊಡೆಯುವುದಿಲ್ಲ, ಮಕ್ಕಳ ಕೈಗೆ ಬಿಡುತ್ತಾರೆ, ಆಮೇಲೆ ಯಂತ್ರ ಸರಿಯಿಲ್ಲ ಎಂದು ಬೊಬ್ಬೆ. ನಿನ್ನದು ಅದೇ ಕಂಪನಿಯದು, ಸರಿಯಾಗಿ ನಡೆಯುತ್ತಿಲ್ಲವೇ? ಹಾಗಾದರೆ ತಪ್ಪು ಯಾರದು? ಅವಳಿಗೆ ಹೇಳು, ಯಂತ್ರವನ್ನು ಪಾರ್ಸೆಲ್ ಮಾಡಿ, ಜೊತೆಗೆ ದೂರು ಬರೆದು ಗ್ರಾಹಕ ಸೇವೆಗೆ ಕಳಿಸಲಿ. ಹತ್ತು ದಿನದಲ್ಲಿ ಉತ್ತರ ಗ್ಯಾರಂಟಿ.

ಜೀರುಂಡೆ ಈಗ ಏನೇನು ಹೇಳುತ್ತಾಳೆ? ಅವಳ ಬಗ್ಗೆ ಈ ಸಲ ಒಂದು ಸಾಲೂ ಬರೆದಿಲ್ಲ ನೀನು.

ತಮ್ಮ


ಏಪ್ರಿಲ್ 19

ತಮ್ಮಾ,

ಪಕ್ಕದ ಮನೆಯವಳು ಎಂದು ಯಾರೂ ಇಲ್ಲ. ಅದು ನಾನೇ.

ಹೇಳಲು ನಾಚಿಕೆಯಾಯಿತು. ಅಷ್ಟು ಪ್ರೀತಿಯಿಂದ ಕಳಿಸಿದ್ದೀಯ, ಎರಡೇ ತಿಂಗಳಲ್ಲಿ ಕೆಡಿಸಿಕೊಂಡು ಕೂತೆ ಎಂದು ಯಾವ ಮುಖದಿಂದ ಬರೆಯಲಿ? ಫೆಬ್ರವರಿಯಲ್ಲಿ ಟೀಚರ ಒಂದು ಕ್ಯಾಸೆಟ್ ತಿಂದುಹಾಕಿತು, ಮಾರ್ಚಿನಲ್ಲಿ ಇನ್ನೊಂದು. "ಮೂರನೆಯದೂ ಹಾಳಾದರೆ ನಿಮ್ಮ ಸರದಿ ಬೇರೆ ಮಗುವಿಗೆ ಕೊಡಬೇಕಾಗುತ್ತದೆ" ಎಂದು ಟೀಚರ್ ಬರೆದರು. ನೀನು ಹೇಳಿದ ಹಾಗೆಯೇ ಯಂತ್ರವನ್ನು ಬಟ್ಟೆಯಲ್ಲಿ ಹೊಲಿದು ನಿಮ್ಮ ಗ್ರಾಹಕ ಸೇವೆಗೆ ಕಳಿಸಿದೆ. ನೀನಿರುವ ಜಾಗ ಎಂದು ಗೊತ್ತಿತ್ತು. ಆದರೆ ನಿನ್ನ ಅಕ್ಕ ಎಂದು ಎಲ್ಲೂ ಬರೆಯಲಿಲ್ಲ. ನಿನ್ನ ಮನೆಯವರೇ ದೂರು ಕೊಟ್ಟರು ಎಂದು ನಾಲ್ಕು ಜನ ಆಡಿಕೊಳ್ಳಬಾರದಲ್ಲ. ಮಗುವಿನ ವಿಷಯ ಮಾತ್ರ ಎಲ್ಲ ಬರೆದೆ, ಓದಿದವರಿಗೆ ಕನಿಕರ ಹುಟ್ಟಿ ಬೇಗ ರಿಪೇರಿ ಮಾಡಲಿ ಎಂದು.

ಹತ್ತು ದಿನವಾಯಿತು, ಇಪ್ಪತ್ತಾಯಿತು. ಮೂರು ಕಾರ್ಡು ಹಾಕಿದೆ. ಫೋನ್ ಮಾಡಿದರೆ ಪೀಪಿ ಸಂಗೀತ ಕೇಳಿಸಿ ಕೇಳಿಸಿ ಕಟ್ಟಾಗುತ್ತದೆ. ಯಂತ್ರವಿಲ್ಲದಿದ್ದರೆ ಏನಂತೆ ಎಂದು ನಾನೇ ಅವಳ ಮುಂದೆ ಕೂತು ಬಾಯಿ ಅಗಲಿಸಿ ಪಾಠ ಮಾಡುತ್ತಿದ್ದೆ. ಮೊನ್ನೆ ಕೊನೆಗೂ ಉತ್ತರ ಬಂತು. ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ:

"ಮಾನ್ಯ ಗ್ರಾಹಕರೇ, ತಾವು ಕಳುಹಿಸಿದ ಯಂತ್ರವನ್ನು ನಮ್ಮ ನುರಿತ ತಂತ್ರಜ್ಞರು ಪೂರ್ಣವಾಗಿ ಬಿಚ್ಚಿ ಪರಿಶೀಲಿಸಿದ್ದಾರೆ. ಟೇಪು ಹಾದುಹೋಗುವ ದಾರಿಯಲ್ಲಿ ಅಂಗಿಯ ಗುಂಡಿ ಅಥವಾ ಅಂಥದೇ ಸಣ್ಣ ವಸ್ತುವೊಂದನ್ನು ಹೊರಗಿನಿಂದ ಹಾಕಿರುವುದು ಕಂಡುಬಂದಿದೆ. ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಇದು ಸಹಜ. ಮಕ್ಕಳನ್ನು ಪ್ರೀತಿಯಿಂದ ವಿಚಾರಿಸಿದರೆ ನಿಜ ತಿಳಿಯುತ್ತದೆ. ಇದು ಯಂತ್ರದ ದೋಷವಲ್ಲವಾದ್ದರಿಂದ ಗ್ಯಾರಂಟಿ ಅನ್ವಯಿಸುವುದಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ."

ಕೆಳಗೆ ಮೂಲೆಯಲ್ಲಿ ಸಣ್ಣದಾಗಿ 7 ಎಂದಿತ್ತು. ಪುಟದ ಸಂಖ್ಯೆ ಇರಬೇಕು, ಉಳಿದ ಆರು ಪುಟ ನನಗೆ ಕಳಿಸಿಲ್ಲ.

ಅಂಗಿಯ ಗುಂಡಿ, ತಮ್ಮಾ. ನಮ್ಮ ಮನೆಯಲ್ಲಿ ಗುಂಡಿ ಬಿಟ್ಟರೆ ಬೇರೇನಿದೆ? ಓದಿದ ಕೂಡಲೇ ಮೈಯೆಲ್ಲ ಉರಿಯಿತು. ಡಬ್ಬಿ ತಂದು ಅವಳ ಮುಂದಿಟ್ಟು, ಯಂತ್ರವಿದ್ದ ಜಾಗ ತೋರಿಸಿ, "ನೀನಾ ಹಾಕಿದ್ದು?" ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಮತ್ತೆ ಕೇಳಿದೆ. ಮತ್ತೆ ಅಲ್ಲಾಡಿಸಿದಳು. "ಸುಳ್ಳು ಬೇರೆ ಹೇಳ್ತೀಯಾ" ಅಂತ ಕೆನ್ನೆಗೆ ಹೊಡೆದುಬಿಟ್ಟೆ. ಎರಡು ಸಲ. ಹುಟ್ಟಿದಾಗಿನಿಂದ ಅವಳ ಮೇಲೆ ಕೈಯೆತ್ತಿದವಳಲ್ಲ ನಾನು.

ಅತ್ತಳು, ಆಮೇಲೆ ಕಣ್ಣು ಮುಚ್ಚಿಕೊಂಡಳು. ಬೇರೆ ಮಕ್ಕಳು ಮುನಿಸಿಕೊಂಡರೆ ಮೂಲೆಯಲ್ಲಿ ಕೂತರೂ ಅಮ್ಮನ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಇವಳು ಕಣ್ಣು ಮುಚ್ಚಿದರೆ ಮುಗಿಯಿತು, ನಾನು ಇಲ್ಲವೇ ಇಲ್ಲ. ಊಟಕ್ಕೆ ಕರೆದರೆ ಕಣ್ಣು ಮುಚ್ಚುತ್ತಾಳೆ, ಪಾಠಕ್ಕೆ ಕೂತರೆ ಕಣ್ಣು ಮುಚ್ಚುತ್ತಾಳೆ. ಮೇ ಹದಿನೆಂಟಕ್ಕೆ ಇನ್ನು ಒಂದು ತಿಂಗಳೂ ಇಲ್ಲ.

ನಿನ್ನ ಉಡುಗೊರೆ ಹಾಳು ಮಾಡಿದೆವು. ಕ್ಷಮಿಸು.

ಅಕ್ಕ


ಮೇ 3

ಅಕ್ಕಾ,

ಪತ್ರ ತಲುಪಿತು. ಉತ್ತರಿಸಲು ತಡವಾಯಿತು, ಆಫೀಸಿನಲ್ಲಿ ಕೆಲಸ.

ಆದದ್ದು ಆಯಿತು. ಮಗುವಿಗೆ ಇನ್ನು ಏನೂ ಅನ್ನಬೇಡ. ಕಂಪನಿಯ ಪತ್ರ ಎಂದ ಮಾತ್ರಕ್ಕೆ ಎಲ್ಲವೂ ನೂರಕ್ಕೆ ನೂರು ಸರಿಯಿರುತ್ತದೆ ಎಂದೇನಿಲ್ಲ, ಹಾಗೆಂದು ತಪ್ಪು ಎಂದೂ ಹೇಳಲಾಗದು. ಈ ತಾಂತ್ರಿಕ ವಿಷಯಗಳು ಬೇರೆ ವಿಭಾಗದವು. ಬೇರೊಂದು ಯಂತ್ರ ಕಳಿಸಲು ನೋಡುತ್ತೇನೆ.

ನೀನು ಕ್ಷಮೆ ಕೇಳಬೇಡ. ದಯವಿಟ್ಟು ಕೇಳಬೇಡ.

ತಮ್ಮ


ಮೇ 12

ತಮ್ಮಾ,

ನಿನಗೆ ಕೋಪ ಬಂದಿದೆ. ಒಂದು ಪುಟ ತುಂಬಿಸದೆ ಪತ್ರ ಮುಗಿಸಿದವನಲ್ಲ ನೀನು, ಈ ಸಲ ಅರ್ಧ ಹಾಳೆ ಖಾಲಿ ಬಿಟ್ಟಿದ್ದೀಯ. ಕ್ಷಮೆಯೂ ಬೇಡ ಎಂದಿದ್ದೀಯ. ಕೋಪ ನ್ಯಾಯವೇ. ಬೇರೆ ಯಂತ್ರ ಕಳಿಸಬೇಡ, ಒಂದನ್ನು ಇಟ್ಟುಕೊಳ್ಳಲು ಬಾರದವರಿಗೆ ಇನ್ನೊಂದೇಕೆ?

ತಪ್ಪು ಮಾಡಿದ್ದನ್ನು ಒಪ್ಪಿಕೊಂಡರೆ ಮಾವನ ಮನಸ್ಸೂ ಹಗುರವಾದೀತು, ಅವಳದೂ ಹಗುರವಾಗಿ ಕಣ್ಣು ತೆರೆದಾಳು ಎಂದು ನನಗೆ ತೋಚಿತು. ಗುಂಡಿ ಡಬ್ಬಿ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಿಜ ಹೇಳುವ ತನಕ ಕೊಡುವುದಿಲ್ಲ ಎಂದು ಹಲಗೆಯ ಮೇಲೆ ಬರೆದು ತೋರಿಸಿದೆ. ಅಕ್ಷರ ನಾನೇ ಕಲಿಸಿದ್ದೆನಲ್ಲ, ಬರೆದದ್ದನ್ನು ಮಾತ್ರ ಈಗಲೂ ಓದುತ್ತಾಳೆ. ಮೂರು ದಿನ ಜಗ್ಗಲಿಲ್ಲ. ನಾಲ್ಕನೆಯ ದಿನ ತಾನೇ ಹಲಗೆ ತೆಗೆದುಕೊಂಡು ಬರೆದಳು. ಅದನ್ನೇ ಕಾಗದದ ಮೇಲೆ ನಿನಗೆ ಬರೆಸಿದ್ದೇನೆ, ಇದರ ಜೊತೆಗೇ ಇದೆ. ಅಕ್ಷರ ದುಂಡಗಿದೆ, ನೋಡು.

ಡಬ್ಬಿ ಕೊಟ್ಟೆ. ತೆಗೆದುಕೊಂಡಳು. ಆದರೆ ಕಣ್ಣು ಇನ್ನೂ ಮುಚ್ಚಿಕೊಳ್ಳುತ್ತಾಳೆ. ಯಾಕೆ ಎಂದು ತಿಳಿಯುತ್ತಿಲ್ಲ. ಇನ್ನು ಆರು ದಿನವಿದೆ.

ಅಕ್ಕ

(ಜೊತೆಗಿದ್ದ ಹಾಳೆ)

ಮಾವ, ಗುಂಡಿ ಹಾಕಿದ್ದು ನಾನು. ತಪ್ಪಾಯಿತು. ಇನ್ನು ಮೇಲೆ ಹಾಕುವುದಿಲ್ಲ.


ಮೇ 20

ಅಕ್ಕಾ,

ಅವಳು ಗುಂಡಿ ಹಾಕಿಲ್ಲ. ಯಾರೂ ಹಾಕಿಲ್ಲ. ಇದನ್ನು ಮೊದಲು ಓದಿಬಿಡು, ಆಮೇಲೆ ಉಳಿದದ್ದು.

ನಿನಗೆ ಬಂದ ಪತ್ರ ಬರೆದವನು ನಾನು. ಮೂಲೆಯ 7 ಪುಟದ ಸಂಖ್ಯೆಯಲ್ಲ, ನನ್ನ ಏಳನೆಯ ಉತ್ತರ ಅದೇ. ಚೀಟಿಯಲ್ಲಿ "ಮಗು" ಎಂದು ಬರೆದಿದ್ದರೆ ನಾನು ಏಳು ಹಾಕುತ್ತೇನೆ. ಅಷ್ಟೇ ನಿಯಮ. ಯಂತ್ರವನ್ನು ಯಾರೂ ಬಿಚ್ಚುವುದಿಲ್ಲ. ನುರಿತ ತಂತ್ರಜ್ಞರು ಎಂದರೆ ಯಾರೂ ಇಲ್ಲ, ಇದ್ದ ಇಬ್ಬರನ್ನು ಹೋದ ವರ್ಷವೇ ಬೇರೆ ಕಡೆ ಹಾಕಿದರು. ಮಗುವಿರುವ ಮನೆಯಲ್ಲಿ ಗುಂಡಿಯೋ ನಾಣ್ಯವೋ ಏನೋ ಒಂದು ಇದ್ದೇ ಇರುತ್ತದೆ, ತಂದೆತಾಯಿ ನಂಬಿಬಿಡುತ್ತಾರೆ, ನಾಚಿಕೊಂಡು ಸುಮ್ಮನಾಗುತ್ತಾರೆ ಎಂದು ಲೆಕ್ಕ ಹಾಕಿಯೇ ಬರೆದಿದ್ದೆ. "ಪ್ರೀತಿಯಿಂದ ವಿಚಾರಿಸಿದರೆ" ಎಂಬ ಮಾತು ಸೇರಿಸಿದಾಗ ನನಗೆ ನನ್ನ ಮೇಲೇ ಹೆಮ್ಮೆಯಾಗಿತ್ತು.

ನಿನ್ನ ಏಪ್ರಿಲ್ ಪತ್ರ ಓದಿದಾಗ, ನೀನು ಅದರಲ್ಲಿ ಬರೆದಿದ್ದ ಆ ಉತ್ತರದ ಎರಡನೆಯ ಸಾಲಿಗೇ ಗೊತ್ತಾಯಿತು. ಮಧ್ಯಾಹ್ನ ಚೀಟಿಯಮ್ಮನನ್ನು ಕೇಳಿದೆ. ಅವರು ತಲೆ ಎತ್ತದೆ, "ಆ ಕಾಗದ ಓದಿದಾಗ ನಿಮ್ಮ ಸೊಸೆ ನೆನಪಾದ್ಲು. ಇಂಥದೇ ಇನ್ನೊಂದು ಮಗು ಅಂದ್ಕೊಂಡೆ. ಆದ್ರೆ ಚೀಟೀಲಿ ಅದನ್ನೆಲ್ಲ ಬರೆಯೋಕೆ ಜಾಗ ಎಲ್ಲಿದೆ ಹೇಳಿ?" ಅಂದರು.

ಆಮೇಲೆ ಗೋದಾಮಿಗೆ ಹೋದೆ. ನಿನ್ನ ಪಾರ್ಸೆಲ್ ಹುಡುಕುವುದು ಕಷ್ಟವಾಗಲಿಲ್ಲ, ಅಂಥ ಸಣ್ಣ ಹೊಲಿಗೆ ಇನ್ಯಾವುದರ ಮೇಲೂ ಇರಲಿಲ್ಲ. ಒಂದು ಎಳೆಯೂ ಬಿಚ್ಚಿರಲಿಲ್ಲ. ನಾನೇ ಕತ್ತರಿಸಿ ಯಂತ್ರ ತೆರೆದು ನೋಡಿದೆ. ಒಳಗೆ ಗುಂಡಿಯಿಲ್ಲ, ಧೂಳು ಕೂಡ ಇಲ್ಲ. ರಬ್ಬರ್ ಚಕ್ರ ಸವೆದು ನುಣ್ಣಗಾಗಿದೆ, ರೀಲನ್ನು ಹಿಡಿಯಲಾರದೆ ಎಳೆದುಹಾಕುತ್ತದೆ. ಎರಡು ತಿಂಗಳಲ್ಲಿ ಸವೆದದ್ದಲ್ಲ ಅದು.

ಇನ್ನೂ ಇದೆ. ಅದು ಹೊಸ ಯಂತ್ರವಲ್ಲ. ಗಿರಾಕಿಗಳು ಎರಡು ಸಲ ವಾಪಸು ಕಳಿಸಿದ್ದು. ಅಂಗಡಿಯವರು ತೆಗೆದುಕೊಳ್ಳದ ಅಂಥ ಸರಕನ್ನು ಹೊಸ ವರ್ಷಕ್ಕೆ ಸಿಬ್ಬಂದಿಗೆಲ್ಲ ಹಂಚಿದರು. ತಳದಲ್ಲಿದ್ದ ಹಳೆಯ ದೂರಿನ ನಂಬರನ್ನು ನಾನು ಬ್ಲೇಡಿನಿಂದ ಕೆರೆದು ತೆಗೆದು, ಹೊಸ ಅಂಟುಪಟ್ಟಿ ಹಾಕಿ ನಿನಗೆ ಕಳಿಸಿದೆ. ಊಟ ಸೇರಲಿಲ್ಲ ಎಂದು ಬರೆದಿದ್ದೆ. ಚೆನ್ನಾಗಿಯೇ ಉಂಡಿದ್ದೆ.

ಮೇ ಮೂರರಂದು ಬರೆಯಲು ಕೂತಾಗ ಇದೆಲ್ಲ ನನಗೆ ಗೊತ್ತಿತ್ತು. ನಾಲ್ಕು ಹಾಳೆ ಬರೆದು ಹರಿದೆ. ನನ್ನ ಪ್ರಬಂಧಕ್ಕೆ ಚಪ್ಪಾಳೆ ತಟ್ಟಿದವಳು ನೀನೊಬ್ಬಳೇ, ಆ ಒಬ್ಬಳೂ ಹೋಗುತ್ತಾಳಲ್ಲ ಎಂದು ಹೆದರಿದೆ. ಮೊನ್ನೆ ಹದಿನೆಂಟು. ಅದೇ ದಿನ ಸಂಜೆ ಜೀರುಂಡೆಯ ಕಾಗದ ನನ್ನ ಕೈಗೆ ಬಂತು. ಮಾಡದ ತಪ್ಪಿಗೆ ಆ ಮಗು ನನ್ನಲ್ಲಿ ಕ್ಷಮೆ ಕೇಳಿದೆ, ಅಕ್ಕಾ. ಆ ದುಂಡು ಅಕ್ಷರ ನೋಡಲಾಗುತ್ತಿಲ್ಲ.

ಏಳನ್ನು ತೆಗೆದುಹಾಕಿ ಎಂದು ಮ್ಯಾನೇಜರನ್ನು ಕೇಳಿದೆ. "ಯಾಕಪ್ಪ, ಚೆನ್ನಾಗೇ ಕೆಲಸ ಮಾಡ್ತಿದೆಯಲ್ಲ" ಅಂದರು. ಕೆಲಸ ಬಿಟ್ಟೆ ಎಂದು ಬರೆಯಲು ಆಸೆ, ಆದರೆ ಬಿಟ್ಟಿಲ್ಲ. ಈಗ ಮಗು ಎಂದಿರುವ ಚೀಟಿಗೆ ನಾಲ್ಕು ಹಾಕುತ್ತೇನೆ. ನಾಲ್ಕರಲ್ಲಿ ಮಕ್ಕಳ ಸುದ್ದಿಯಿಲ್ಲ, ಸುಳ್ಳು ಮಾತ್ರ ಇದೆ. ಇಷ್ಟೇ ನನ್ನ ಧೈರ್ಯ.

ಅವಳಿಗೆ ನಿಜ ಹೇಳು. ನಾನು ಒಮ್ಮೆ ಬರಬಹುದೇ?

ತಮ್ಮ


ಜೂನ್ 11

ಅಕ್ಕಾ,

ಮೂರು ವಾರವಾಯಿತು. ಬೈದಾದರೂ ಬರೆ. ಶಾಲೆಯಲ್ಲಿ ಏನಾಯಿತು ಎಂದಷ್ಟೇ ಒಂದು ಕಾರ್ಡು ಹಾಕು. ದಿನವೂ ಅಂಚೆಯವನನ್ನು ನಾನೇ ಹೋಗಿ ಕೇಳುತ್ತಿದ್ದೇನೆ, ನೂರಿಪ್ಪತ್ತು ಪತ್ರ ಕೊಡುತ್ತಾನೆ, ನಿನ್ನದಿಲ್ಲ.

ತಮ್ಮ


ಜೂನ್ 24

ತಮ್ಮಾ,

ಸೀಟು ಸಿಗಲಿಲ್ಲ. ದೊಡ್ಡ ಮೇಡಂ ಒಳ್ಳೆಯವರೇ, ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, "ನಿನ್ನ ಹೆಸರೇನು ಪುಟ್ಟಾ?" ಎಂದು ನಿಧಾನವಾಗಿ ಕೇಳಿದರು. ಇವಳು ಕಣ್ಣು ಮುಚ್ಚಿಕೊಂಡಳು. ಐದು ಪ್ರಶ್ನೆಗೂ ಮುಚ್ಚಿಕೊಂಡೇ ಇದ್ದಳು. "ಮುಂದಿನ ವರ್ಷ ನೋಡೋಣ" ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಹೋದ ಮಕ್ಕಳೆಲ್ಲ ಕುಣಿಯುತ್ತ ಬರುತ್ತಿದ್ದರು.

ಅದಾಗಿ ಒಂದು ವಾರಕ್ಕೆ ನಿನ್ನ ಪತ್ರ ಬಂತು. ಓದಿದ ದಿನ ಕೆಲಸದಲ್ಲಿ ಎರಡು ಡಜನ್ ಅಂಗಿಗೆ ಕಾಜಾವನ್ನು ತಪ್ಪು ಮಗ್ಗುಲಿಗೆ ಹೊಲಿದೆ. ಮೇಸ್ತ್ರಿ ಎಲ್ಲವನ್ನೂ ಬಿಚ್ಚಿಸಿದ. ನಿನಗೆ ಬರೆಯಲು ಕೂತರೆ ಬೈಗುಳ ಬಿಟ್ಟು ಬೇರೆ ಬರುತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಈಗಲೂ ಒಂದು ಹೇಳದೆ ಬಿಡುವುದಿಲ್ಲ. ಹಳೆಯ ಯಂತ್ರ ಕಳಿಸಿದೆ, ಹೋಗಲಿ. ಯಾರಿಗೆಂದು ತಿಳಿಯದೆ ಸುಳ್ಳು ಬರೆದೆ, ಅದೂ ಹೋಗಲಿ ಎಂದುಕೊಳ್ಳಲು ನೋಡುತ್ತೇನೆ. ಮೇ ಮೂರರಂದು ಎಲ್ಲ ತಿಳಿದಮೇಲೂ ಒಂದು ಸಾಲು ಬರೆಯಲಿಲ್ಲವಲ್ಲೋ! ಒಂದೇ ಸಾಲು. ಹದಿನೆಂಟಕ್ಕೆ ಹದಿನೈದು ದಿನ ಇತ್ತು. ಅವಳಿಗೆ ನಿಜ ಹೇಳಲು ನನಗೆ ನಾಲ್ಕು ದಿನ ಸಾಕಾಯಿತು.

ಆದರೆ ಹೊಡೆದ ಕೈ ನಿನ್ನದಲ್ಲ. ಮುದ್ರೆ ಒತ್ತಿದ ಕಾಗದ ನಂಬಿದೆ, ಎದುರಿಗೆ ನಿಂತು ಎರಡೆರಡು ಸಲ ಇಲ್ಲ ಅಂದ ಮಗಳನ್ನು ನಂಬಲಿಲ್ಲ. ನಿನ್ನ ಏಳನೆಯ ಉತ್ತರ ಸಾವಿರಾರು ಮನೆಗೆ ಹೋಗಿದೆ ಎಂದಿದ್ದೆ, ಅಲ್ಲಿಯ ತಾಯಂದಿರೆಲ್ಲ ಹೊಡೆದಿರಲಿಕ್ಕಿಲ್ಲ. ಸುಳ್ಳು ಒಪ್ಪಿಸಲು ಡಬ್ಬಿಗೆ ಬೀಗ ಹಾಕಿದವಳು ನಾನು. ನೀನು ನಿನ್ನ ನಾಚಿಕೆಯನ್ನು ಬರೆದು ಕಳಿಸಿಬಿಟ್ಟೆ. ನಾನು ನನ್ನದನ್ನು ಇಟ್ಟುಕೊಂಡು ದಿನವೂ ಅವಳಿಗೆ ತಲೆ ಬಾಚಬೇಕು.

ಅವಳಿಗೆ ನಿಜ ಹೇಳು ಎಂದು ನೀನು ಬರೆದೆ. ಹಲಗೆಯ ಮೇಲೆ ಬರೆದು ತೋರಿಸಿದ್ದರೆ ಸುಲಭವಿತ್ತು. ಬೇಡ ಅನ್ನಿಸಿತು. ಹೊಡೆಯುವಾಗ ಬಾಯಲ್ಲಿ ಬೈದಿದ್ದೆ, ಬಾಯಲ್ಲೇ ಹೇಳಬೇಕು. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಅವಳ ಮುಂದೆ ಕೂತು "ನೀನು ಹಾಕಿಲ್ಲ" ಎಂದು ಶುರು ಮಾಡಿದೆ. ಕಣ್ಣು ಮುಚ್ಚಿಕೊಂಡಳು. ಸುಮ್ಮನೆ ಕಾದೆ. ತೆರೆದ ಕೂಡಲೇ ಮೊದಲಿನಿಂದ ಹೇಳಿದೆ. ಮತ್ತೆ ಮುಚ್ಚಿದಳು. ಕೆಲಸಕ್ಕೆ ಹೊತ್ತಾಗುವ ತನಕ ಹೀಗೇ. ಎರಡನೆಯ ದಿನವೂ ಇದೇ, ಮೂರನೆಯ ದಿನವೂ ಇದೇ. ಒಂದು ಕಣ್ಣು ಸಣ್ಣಗೆ ತೆರೆದು, ಇನ್ನೂ ಕೂತಿದ್ದಾಳಾ ಎಂದು ನೋಡುವುದು, ಮುಚ್ಚುವುದು. ನಾಲ್ಕನೆಯ ದಿನ ಪೂರ್ತಿ ನೋಡಿದಳು. ಯಂತ್ರ ಮೊದಲೇ ಕೆಟ್ಟಿತ್ತು, ಕಾಗದ ಸುಳ್ಳು, ಅದನ್ನು ಬರೆದವನು ಮಾವ, ನಂಬಿ ಹೊಡೆದವಳು ಅಮ್ಮ. ಎಲ್ಲವನ್ನೂ ರೆಪ್ಪೆ ಹೊಡೆಯದೆ ನೋಡಿದಳು.

ನೋಡಿ ಮುಗಿಸಿ ಎದ್ದು ನಿಂತು ನನ್ನ ಕೆನ್ನೆಗೆ ಹೊಡೆದಳು. ಎರಡು ಸಲ. ಮೆತ್ತಗೇನಲ್ಲ, ಕಿವಿ ಗುಂಯ್ ಅಂದಿತು. ಆಮೇಲೆ ಅಳುತ್ತ ನನ್ನ ಮಡಿಲಲ್ಲಿ ಮುಖವಿಟ್ಟಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ನನ್ನ ಬಾಯಿ ನೋಡುತ್ತ, "ಊಟ" ಅಂದಳು.

ಬರಲೇ ಎಂದು ಕೇಳಿದ್ದೀಯ. ಅವಳನ್ನು ಕೇಳಿದೆ. ತುಂಬ ಹೊತ್ತು ಯೋಚಿಸಿ, ಬರಲಿ ಎಂದು ತಲೆಯಾಡಿಸಿದ್ದಾಳೆ. ಯಂತ್ರ ತರಬೇಡ, ಬಟ್ಟೆ ತರಬೇಡ, ಕೈಬೀಸಿಕೊಂಡು ಬಾ. ಬಂದು ನೀನೂ ಕಿಟಕಿಯ ಹತ್ತಿರ ಕೂತು, ಬಾಯಿಗೆ ಕೈ ಅಡ್ಡ ಇಡದೆ, ಎಲ್ಲವನ್ನೂ ನಿಧಾನವಾಗಿ ಹೇಳಬೇಕು. ಅವಳು ಕಣ್ಣು ಮುಚ್ಚಿದರೆ ಕಾಯಬೇಕು. ಎಷ್ಟು ದಿನ ಎಂದು ನಾನು ಹೇಳಲಾರೆ, ರಜೆ ಹೆಚ್ಚೇ ಹಾಕಿಕೊಂಡು ಬಾ.

ಹೇಳಿ ಮುಗಿದ ಮೇಲೆ ಸ್ವಲ್ಪ ಬಗ್ಗಿ ನಿಲ್ಲು. ನೀನು ಎತ್ತರ, ನಿನ್ನ ಕೆನ್ನೆ ಅವಳ ಕೈಗೆ ಎಟುಕುವುದಿಲ್ಲ.

ಅಕ್ಕ